ಹದಿನೈದು ದಿನದ ಸರ್ಟಿಫಿಕೇಟ್ ಸಾಕಾ? ಮಸಾಜ್ ಥೆರಪಿ ಕಲಿಯೋ ಮುನ್ನ ಇದನ್ನು ಕೇಳಿ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹುಡುಗಿ. ಹೆಸರು ಹೇಳೋದು ಬೇಡ ಅಂದಿದ್ದಾರೆ.

"ಅಕ್ಕ, ನಮ್ದು ಬೆಳಕವಾಡಿ. ಪಿಯುಸಿ ಆಯ್ತು. ಮಸಾಜ್ ಥೆರಪಿ ಕಲೀಬೇಕು ಅಂತ ಆಸೆ. ಬೆಂಗಳೂರಲ್ಲಿ ಒಂದ್ ಕಡೆ ಹದಿನೈದೇ ದಿನಕ್ಕೆ ಸರ್ಟಿಫಿಕೇಟ್ ಕೊಟ್ಟು ಕೆಲ್ಸನೂ ಕೊಡಿಸ್ತೀವಿ ಅಂತಾವ್ರೆ. ಸೋಮವಾರದೊಳಗೆ ದುಡ್ಡು ಕಟ್ಬೇಕಂತೆ. ನಮ್ಮಜ್ಜಿ ಊರಲ್ಲಿ ಎಷ್ಟೋ ಜನಕ್ಕೆ ಬಾಣಂತನ ಮಾಡಿ ಎಣ್ಣೆ ನೀರು ಹಾಕಿದ್ದಾರೆ. ಅವ್ರಿಗೆ ಎಲ್ರೂ ಕೈ ಮುಗೀತಾರೆ. ನಾನು ಅದೇ ಕಲೀತೀನಿ ಅಂದ್ರೆ ಅಪ್ಪ ಮರ್ಯಾದೆ ಹೋಗುತ್ತೆ ಅಂತಾರೆ. ಏನ್ ಮಾಡ್ಲಿ?"

ಇಲ್ಲಿ ಎರಡು ಪ್ರಶ್ನೆ ಇವೆ, ದುಡ್ಡಿನದು ಒಂದು, ಮರ್ಯಾದೆಯದು ಇನ್ನೊಂದು. ಎರಡಕ್ಕೂ ಉತ್ತರ ಸಿಗೋದು ಒಂದೇ ಕಡೆ: ನೀವು ಏನು ಓದ್ತೀರಿ, ಎಷ್ಟು ಓದ್ತೀರಿ ಅನ್ನೋದರಲ್ಲಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಡಾಕ್ಟರಿಗೆ, ನರ್ಸ್‌ಗೆ ಕೌನ್ಸಿಲ್ ನೋಂದಣಿ ಇದ್ದ ಹಾಗೆ ಭಾರತದಲ್ಲಿ 'ಮಸಾಜ್ ಥೆರಪಿಸ್ಟ್' ಅನ್ನೋ ಪ್ರತ್ಯೇಕ ರಾಷ್ಟ್ರೀಯ ಲೈಸೆನ್ಸ್ ಇಲ್ಲ. ಬೋರ್ಡ್ ಹಾಕಿಕೊಂಡು ಯಾರು ಬೇಕಾದರೂ ಸರ್ಟಿಫಿಕೇಟ್ ಪ್ರಿಂಟ್ ಮಾಡಬಹುದಾದ ಪರಿಸ್ಥಿತಿ ಬಂದಿರೋದು ಇದರಿಂದಲೇ. ಬೇರೆ ಕಡೆ ಹೀಗಿಲ್ಲ. ಜಪಾನ್‌ನಲ್ಲಿ ಈ ಕೆಲಸಕ್ಕೆ ಕನಿಷ್ಠ ಮೂರು ವರ್ಷ ಓದಿ ರಾಷ್ಟ್ರೀಯ ಪರೀಕ್ಷೆ ಪಾಸ್ ಮಾಡಬೇಕು. ಅಲ್ಲಿ ದೃಷ್ಟಿ ಇಲ್ಲದವರು ನೂರಾರು ವರ್ಷದಿಂದ ಈ ವೃತ್ತಿ ಮಾಡಿಕೊಂಡು ಬಂದಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲೈಸೆನ್ಸ್ ಬೇಕಂದ್ರೆ 1,000 ಗಂಟೆ ತರಬೇತಿ ಆಗಿರಬೇಕು. ದಿನಕ್ಕೆ ಎಂಟು ಗಂಟೆ ಅಂತ ಲೆಕ್ಕ ಹಾಕಿದ್ರೆ ಹದಿನೈದು ದಿನಕ್ಕೆ ಆಗೋದು ಬರೀ 120 ಗಂಟೆ.

ಅಷ್ಟು ಗಂಟೆ ಕಲಿಯೋಕೆ ಏನಿದೆ ಅಂತ ಕೇಳಬಹುದು. ಕೈಚಳಕದ ಭಾಗ ಬೇಗ ಅರ್ಥ ಆಗುತ್ತೆ. ಸ್ಪಾಗಳಲ್ಲಿ 'ಸ್ವೀಡಿಷ್ ಮಸಾಜ್' ಅಂತ ಕರೆಯೋದರಲ್ಲಿ ಮುಖ್ಯವಾಗಿ ಐದು ಬಗೆ. ಅದಕ್ಕೆ ಫ್ರೆಂಚ್ ಹೆಸರುಗಳಿವೆ, ಆದರೆ ನಮ್ಮ ಮಾತಲ್ಲೇ ಹೇಳಬಹುದು: ಸವರೋದು, ನಾದೋದು, ಉಜ್ಜೋದು, ತಟ್ಟೋದು, ಅದುರಿಸೋದು. ಚಪಾತಿ ಹಿಟ್ಟು ನಾದಿದವರಿಗೆ, ರೊಟ್ಟಿ ತಟ್ಟಿದವರಿಗೆ ಅರ್ಧ ಅರ್ಥ ಆಗೋಯ್ತು. ಆಯುರ್ವೇದದಲ್ಲಿ ಅಭ್ಯಂಗ ಅಂದ್ರೆ ಎಣ್ಣೆ ಹಚ್ಚಿ ನೀವೋದು, ಬಿಸಿ ಗಂಟು ಕಟ್ಟಿ ಬೆವರಿಸೋದು, ಹಣೆ ಮೇಲೆ ಧಾರೆ ಬಿಡೋದು, ಹೀಗೆ ಇನ್ನೊಂದು ಪಟ್ಟಿ ಇದೆ.

ಜೊತೆಗೆ ನಿಮ್ಮ ಮೈ ಕಾಪಾಡಿಕೊಳ್ಳೋದನ್ನೂ ಕಲಿಸಬೇಕು. ಬರೀ ಹೆಬ್ಬೆರಳಿಂದ ಒತ್ತಿ ಒತ್ತಿ, ಕೆಲವೇ ವರ್ಷದಲ್ಲಿ ಕೀಲು ನೋವು ಬಂದು ಕೆಲಸ ಬಿಟ್ಟವರಿದ್ದಾರೆ. ಟೇಬಲ್ ಎತ್ತರ ಸರಿಯಿಟ್ಟು, ಕಾಲು ಊರಿ, ಮೈಭಾರ ಹಾಕಿ ಒತ್ತೋದು ಅಭ್ಯಾಸದಿಂದಲೇ ಬರಬೇಕು.

ಆದ್ರೆ ನಿಜವಾದ ಓದು ಇರೋದು ಬೇರೆ ಕಡೆ. ಯಾವಾಗ ಮುಟ್ಟಬಾರದು ಅನ್ನೋದರಲ್ಲಿ.

ಒಂದು ಉದಾಹರಣೆ ಕೊಡ್ತೀನಿ. ಒಬ್ಬರು ಬಂದು 'ಮೀನಖಂಡ ಹಿಡ್ಕೊಂಡಿದೆ, ಸ್ವಲ್ಪ ತಿಕ್ಕಿ' ಅಂತಾರೆ. ನೋಡಿದ್ರೆ ಒಂದೇ ಕಾಲು ಊದಿದೆ, ಬಿಸಿಯಾಗಿದೆ, ಕೆಂಪಾಗಿದೆ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನ ಜೋರಾಗಿ ತಿಕ್ಕಿದ್ರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಕುತ್ತು ಬರಬಹುದು. ಅಲ್ಲಿ ಮಾಡಬೇಕಾದ್ದು ಒಂದೇ, ಕೈ ತೆಗೆದು ತಕ್ಷಣ ಆಸ್ಪತ್ರೆಗೆ ಕಳಿಸೋದು. ಈ ಅಪಾಯ ಆಪರೇಷನ್ ಆಗಿ ಹಾಸಿಗೆ ಹಿಡಿದವರಿಗೆ ಜಾಸ್ತಿ. ಹೆರಿಗೆಯಾದ ಮೊದಲ ವಾರಗಳಲ್ಲೂ ಜಾಸ್ತಿ. ಅಂದ್ರೆ ಅಜ್ಜಿ ಎಣ್ಣೆ ಹಚ್ಚುತ್ತಿದ್ದ ಆ ಬಾಣಂತಿಯರಿಗೇ. ಇದನ್ನ ಗೊತ್ತು ಮಾಡಿಕೊಂಡ ಮೊಮ್ಮಗಳು ಅಜ್ಜಿಯ ವಿದ್ಯೆಗೆ ಒಂದು ಹೆಜ್ಜೆ ಸೇರಿಸಿದ ಹಾಗೆ.

ಜ್ವರ ಇದ್ದಾಗ, ಚರ್ಮದಲ್ಲಿ ಸೋಂಕಿದ್ದಾಗ, ಮೂಳೆ ಮುರಿದ ಅನುಮಾನ ಇದ್ದಾಗಲೂ ಕೈ ಹಾಕಬಾರದು. ಇದು ಹೊಸ ಮಾತೇನಲ್ಲ. ಅಜೀರ್ಣ ಆದವರಿಗೆ ಅಭ್ಯಂಗ ಬೇಡ ಅಂತ ವಾಗ್ಭಟನ ಅಷ್ಟಾಂಗ ಹೃದಯ ಸಾವಿರ ವರ್ಷಕ್ಕೂ ಹಿಂದೆಯೇ ಹೇಳಿದೆ.

ಹಾಗಾದ್ರೆ ಓದೋದು ಎಲ್ಲಿ? ಮೂರು ದಾರಿ ಇವೆ.

ಮೊದಲನೇದು ಸ್ಪಾ ಥೆರಪಿಸ್ಟ್. ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಇದಕ್ಕೆ ಮಟ್ಟ ನಿಗದಿ ಮಾಡಿ ಪರೀಕ್ಷೆ ನಡೆಸುತ್ತೆ. ಕೆಲವು ತಿಂಗಳ ಓದು. ಹೋಟೆಲು, ರೆಸಾರ್ಟ್ ಕಡೆ ಕೆಲಸ.

ಎರಡನೇದು ಪಂಚಕರ್ಮ ಟೆಕ್ನೀಷಿಯನ್. ಆಯುರ್ವೇದ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ ಚಿಕಿತ್ಸೆಯನ್ನ ಕೈಯಾರೆ ಮಾಡೋರು ಇವರು. ಆಯುಷ್ ಸಚಿವಾಲಯದ ಕೇಂದ್ರೀಯ ಆಯುರ್ವೇದ ಸಂಶೋಧನಾ ಪರಿಷತ್ತು ಕೇರಳದ ಚೆರುತುರುತ್ತಿಯ ತನ್ನ ಪಂಚಕರ್ಮ ಸಂಸ್ಥೆಯಲ್ಲಿ ಪಿಯುಸಿ ಆದವರಿಗೆ ಒಂದು ವರ್ಷದ ಕೋರ್ಸ್ ನಡೆಸಿದೆ. ಈ ವರ್ಷದ ಪ್ರವೇಶದ ಬಗ್ಗೆ ಪರಿಷತ್ತಿನ ವೆಬ್‌ಸೈಟ್ ನೋಡಿ. ಅಜ್ಜಿಯ ದಾರಿಗೆ ಹತ್ತಿರ ಇರೋದು ಇದೇ ಅಂತ ನನ್ನ ಅಭಿಪ್ರಾಯ.

ಮೂರನೇದು ಡಿಗ್ರಿ. ಪಿಯುಸಿಯಲ್ಲಿ ಬಯಾಲಜಿ ಇದ್ದವರಿಗೆ ಮಾತ್ರ. ಫಿಸಿಯೋಥೆರಪಿಗೆ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷ, ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್‌ಗೆ ಐದೂವರೆ ವರ್ಷ, ಆಯುರ್ವೇದದ ಬಿಎಎಂಎಸ್‌ಗೂ ಅಷ್ಟೇ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ. ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು 1989ರದ್ದು. ಇಲ್ಲಿ ಮಸಾಜ್ ಅನ್ನೋದು ಹತ್ತು ಸಾಧನಗಳಲ್ಲಿ ಒಂದು, ಅಷ್ಟೆ. ಖರ್ಚು, ವರ್ಷ ಎರಡೂ ಹೆಚ್ಚು.

ದುಡ್ಡು ಕಟ್ಟೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಸರ್ಟಿಫಿಕೇಟ್ ಕೊಡೋದು ಯಾರು, ಆ ಕೋರ್ಸ್ ಸರ್ಕಾರದ ನ್ಯಾಷನಲ್ ಕ್ವಾಲಿಫಿಕೇಷನ್ಸ್ ರಿಜಿಸ್ಟರ್ ವೆಬ್‌ಸೈಟ್‌ನಲ್ಲಿ ಸಿಗುತ್ತಾ? ಒಟ್ಟು ಎಷ್ಟು ಗಂಟೆ, ಅದರಲ್ಲಿ ಪ್ರಾಕ್ಟಿಕಲ್ ಎಷ್ಟು? ದೇಹ ರಚನೆ ಕಲಿಸ್ತಾರಾ? ಪರೀಕ್ಷೆ ಮಾಡೋರು ಹೊರಗಿನವರಾ, ಅವರೇನಾ? 'ಸೋಮವಾರದೊಳಗೆ ಕಟ್ಟಿ' ಅಂತ ಅವಸರ ಮಾಡೋರು ಈ ನಾಲ್ಕಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡಲಿ. ಕೊಡಲಿಲ್ಲ ಅಂದ್ರೆ ಅಪ್ಪನ ದುಡ್ಡು ಉಳೀತು.

ಕೆಲಸಕ್ಕೆ ಸೇರುವಾಗಲೂ ಅಷ್ಟೇ ಹುಷಾರಾಗಿರಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ತೀವಿ ಅಂದ್ರೆ ಒಪ್ಪಬೇಡಿ. ವಿದೇಶದ ಕೆಲಸ ಅಂದ್ರೆ ಏಜೆಂಟ್ ಹೆಸರು ಇ-ಮೈಗ್ರೇಟ್ ಪೋರ್ಟಲ್‌ನ ನೋಂದಣಿ ಪಟ್ಟಿಯಲ್ಲಿ ಇದೆಯಾ ನೋಡಿ. ಆಯುರ್ವೇದ ಕೇಂದ್ರಗಳಲ್ಲಿ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಅನ್ನೋ ಪದ್ಧತಿ ಸಾಮಾನ್ಯ. ನೀವು ಸೇರೋ ಕಡೆ ಇದೆಯಾ ಅಂತ ಮೊದಲೇ ಕೇಳಿ, ಸಂಕೋಚ ಬೇಡ.

ಇನ್ನು ಅಪ್ಪನ ಮಾತು. ಅವರ ಭಯ ಸುಳ್ಳಲ್ಲ. 'ಸ್ಪಾ' ಅಂದ ಕೂಡಲೇ ಪೊಲೀಸ್ ದಾಳಿಯ ಸುದ್ದಿ ನೆನಪಾಗೋ ಕಾಲ ಇದು. ಅವರ ಜೊತೆ ವಾದ ಮಾಡಬೇಡಿ. ನಿಮ್ಮ ಗಗನಚುಕ್ಕಿಯಲ್ಲಿ ಧುಮುಕೋ ಕಾವೇರಿ ಕೆಳಗೆ ಹೊಗೇನಕಲ್ ತಲುಪೋ ಹೊತ್ತಿಗೆ, ಅಲ್ಲಿ ಹೊಳೆ ದಡದಲ್ಲೇ, ಎಲ್ಲರ ಕಣ್ಣೆದುರು ಎಣ್ಣೆ ಮಸಾಜ್ ಮಾಡಿ ಸಂಸಾರ ಸಾಕೋರು ಇದ್ದಾರೆ. ಕೆಲಸಕ್ಕೆ ಮರ್ಯಾದೆ ಬರೋದು ಹಾಗೆ, ಮುಚ್ಚುಮರೆ ಇಲ್ಲದಿದ್ದಾಗ. ಅಪ್ಪನನ್ನೂ ಕರ್ಕೊಂಡು ಹೋಗಿ ಒಂದು ಆಯುರ್ವೇದ ಆಸ್ಪತ್ರೆಯ ಪಂಚಕರ್ಮ ವಿಭಾಗ ತೋರಿಸಿ. ಅಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳ ಜೊತೆ ಅವರೇ ಮಾತಾಡಲಿ.

ಅಜ್ಜಿ ಹತ್ತಿರಾನೂ ಒಂದು ಸಂಜೆ ಕೂತ್ಕೊಳ್ಳಿ. 'ಯಾರಿಗೆ ಎಣ್ಣೆ ಹಚ್ಚಲ್ಲ ಅಂತಿದ್ದೆ?' ಅಂತ ಕೇಳಿ. ಉತ್ತರ ಬಂದ್ರೆ ನಮಗೂ ವಾಯ್ಸ್ ಮೆಸೇಜ್ ಕಳಿಸಿ.