ಗುಜರಿ ಪಾಲಾಗದೆ ಉಳಿದವು

ನಂಬರ್ ಪ್ಲೇಟು ಓದುವ ಚಟ ನನಗೆ ಚಿಕ್ಕಂದಿನಿಂದ ಇದೆ. ಬಸ್ಸಿಗೆ ಕಾಯುವಾಗ ಮಾಡಲು ಬೇರೆ ಕೆಲಸ ಇರುತ್ತಿರಲಿಲ್ಲ. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಕುದೂರಿನ ಹೋಟೆಲೊಂದರ ಮುಂದೆ ನಾಲ್ಕು ಹಳೇ ಕಾರು, ಐದಾರು ಬೈಕು ಸಾಲಾಗಿ ಬಂದು ನಿಂತಾಗ ಮಿಕ್ಕವರೆಲ್ಲ ಬಾನೆಟ್ಟಿನ ಹೊಳಪು ನೋಡುತ್ತಿದ್ದರೆ ನಾನು ಪ್ಲೇಟು ನೋಡುತ್ತಿದ್ದೆ. ಮುಂದಿದ್ದ ಅಂಬಾಸಡರಿನದು ‘ಎಂವೈ’ ಎಂದು ಶುರುವಾಗುವ ನಂಬರು. ಅದರ ಹಿಂದಿನ ಪದ್ಮಿನಿಯದು ‘ಸಿಎ’. ಬಾಲಕ್ಕಿದ್ದ ಮಹೀಂದ್ರ ಜೀಪಿನದು ‘ಕೆಎ’.

ಎಂವೈ ಅಂದರೆ ಮೈಸೂರು. 1973ರ ನವೆಂಬರಿನಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು, ಆದರೆ ರಸ್ತೆಯಲ್ಲಿ ಓಡುವ ಗಾಡಿಗಳು ಮೈಸೂರನ್ನು ಹೊತ್ತುಕೊಂಡೇ ತಿರುಗಿದವು. ಆಮೇಲೆ ಸಿಎ ಬಂತು. 1989ರ ಜುಲೈಯಿಂದ ಹೊಸ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕೆಎ. ಪ್ಲೇಟು ಓದಲು ಬಂದವರಿಗೆ ಗಾಡಿಯ ವಯಸ್ಸನ್ನು ಕೇಳಿ ತಿಳಿಯಬೇಕಾಗಿಲ್ಲ.

ಬಂದವರು ಬೆಂಗಳೂರಿನವರು. ತಿಂಡಿ ಮುಗಿಸಿ ಹುಲಿಕಲ್ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ನೆಟ್ಟ ಆಲದ ಮರಗಳ ಕೆಳಗೆ ಗಾಡಿ ನಿಲ್ಲಿಸಿ ಫೋಟೊ ತೆಗೆಯುವುದು ಅವರ ಯೋಜನೆ. ಊರಿನ ಹುಡುಗರು ಸುತ್ತ ನೆರೆದರು. ಹಳೇ ಕಾರು ಎಲ್ಲಿ ನಿಂತರೂ ಬರುವ ಪ್ರಶ್ನೆ ಎರಡೇ: ‘ಎಷ್ಟು ಕೊಡುತ್ತೆ?’ ‘ಎಷ್ಟಕ್ಕೆ ಹೋಗುತ್ತೆ?’ ಮೊದಲನೆಯದು ಮೈಲೇಜಿನದು, ಎರಡನೆಯದು ಬೆಲೆಯದು. ಎರಡಕ್ಕೂ ಮಾಲೀಕರು ನಕ್ಕು ಸುಮ್ಮನಾದರು.

ಅಷ್ಟರಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಯೆಜ್ಡಿ ಬೈಕಿನಲ್ಲಿ ಬಂದರು. ಹಿಂದೆ ಎರಡೂ ಕಡೆ ಹಾಲಿನ ಕ್ಯಾನು. ಕ್ಯಾನು ತಗುಲಿಹಾಕಲು ಬೆಸುಗೆ ಹಾಕಿಸಿದ ಕಬ್ಬಿಣದ ಕೊಂಡಿ. ಟ್ಯಾಂಕಿನ ಬಣ್ಣ ಎಂದೋ ಹೋಗಿ ತೊಡೆ ಉಜ್ಜುವ ಜಾಗದಲ್ಲಿ ಬರೀ ತಗಡು ಮಿನುಗುತ್ತಿತ್ತು. ಬೆಂಗಳೂರಿನವರು ತಮ್ಮ ಕಾರುಗಳನ್ನೆಲ್ಲ ಬಿಟ್ಟು ಆ ಬೈಕನ್ನು ಸುತ್ತುವರಿದರು. ಒಬ್ಬರು ಕೇಳಿಯೇಬಿಟ್ಟರು: ‘ಯಜಮಾನ್ರೇ, ಇದನ್ನ ಕೊಡ್ತೀರಾ?’

‘ಕೊಟ್ಬುಟ್ಟು ಹಾಲ್ನ ತಲೆ ಮ್ಯಾಲೆ ಹೊತ್ಕಂಡ್ ಹೋಗ್ಲಾ?’

ನಮ್ಮ ನಾಡಿನಲ್ಲಿ ಹಳೇ ಗಾಡಿಗಳು ಹೇಗೆ ಉಳಿದವು ಎಂಬ ನನ್ನ ಬಹುದಿನದ ಪ್ರಶ್ನೆಗೆ ಆ ಯಜಮಾನರ ಮಾತಿನಲ್ಲೇ ಉತ್ತರವಿತ್ತು. ಪ್ರೀತಿ ಆಮೇಲೆ ಬಂದದ್ದು. ಮೊದಲಿದ್ದದ್ದು ಬೇರೆ ಗತಿ ಇಲ್ಲದಿರುವಿಕೆ.

ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿ ಕಾರು ತಯಾರಾಗುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಜೋಡಿಸುತ್ತಿದ್ದರು, ಅಷ್ಟೆ. ಜನರಲ್ ಮೋಟರ್ಸ್ 1928ರಿಂದ ಮುಂಬಯಿಯಲ್ಲಿ ಆ ಕೆಲಸ ಮಾಡುತ್ತಿತ್ತು. ನಾವೇ ಯಾಕೆ ಮಾಡಬಾರದು ಎಂದು ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಒಬ್ಬರು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳ ಕಾರ್ಖಾನೆ ಸುತ್ತಿ ಬಂದು ಯೋಜನೆ ಬರೆದರು. ಬೆಂಗಳೂರಿನಲ್ಲಿ ಕಾರ್ಖಾನೆ ಹಾಕಲು ಮೈಸೂರು ಸಂಸ್ಥಾನಕ್ಕೂ ಮನಸ್ಸಿತ್ತು. ಬ್ರಿಟಿಷ್ ಸರ್ಕಾರ ಒತ್ತಾಸೆ ಕೊಡಲಿಲ್ಲ. ಆ ಯೋಜನೆಯ ಬೆನ್ನಿಗೆ ನಿಂತಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ತಂದದ್ದು ವಿಮಾನದ ಕಾರ್ಖಾನೆಯನ್ನು. ಅದೇ ಇವತ್ತಿನ ಎಚ್‌ಎಎಲ್. ಕಾರು ಕೇಳಿದವರಿಗೆ ವಿಮಾನ ಸಿಕ್ಕಿತು. ಕಾರಿನದು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಗೆ ಹೋಯಿತು. ಕುದೂರಿನ ಹೋಟೆಲಿನ ಮುಂದೆ ನಿಂತಿದ್ದ ಪದ್ಮಿನಿ ಅಲ್ಲಿಯದು.

1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇಲೆ ಸರ್ಕಾರ ಬಿಗಿ ಮಾಡಿತು: ಇಲ್ಲೇ ತಯಾರಿಸುವ ಯೋಜನೆ ಇದ್ದವರಿಗಷ್ಟೇ ಅವಕಾಶ. ಫೋರ್ಡು, ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿದವು. ಉಳಿದದ್ದು ಅಂಬಾಸಡರು, ಫಿಯಟ್ಟು, ಮದರಾಸಿನ ಸ್ಟ್ಯಾಂಡರ್ಡು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಸ್ಕೂಟರಿಗೂ ಅದೇ ಪಾಡು. ಕಾದು ಕಾದು ಸಿಕ್ಕ ಗಾಡಿಯನ್ನು ಯಾರು ತಾನೇ ಬಿಸಾಡುತ್ತಾರೆ? ಇಂಜಿನ್ ಸವೆದರೆ ಬೋರ್ ಮಾಡಿಸಿದರು, ತುಕ್ಕು ಹಿಡಿದರೆ ಟಿಂಕರಿಂಗ್ ಮಾಡಿಸಿದರು, ಸಿಗದ ಭಾಗವನ್ನು ಲೇತ್‌ನವನ ಕೈಲಿ ಕಡೆಸಿದರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಬದುಕಿದ್ದು ಈ ರಿಪೇರಿಯ ಮೇಲೆ. ಇಂದು ಸಂಗ್ರಾಹಕರು ‘ರಿಸ್ಟೊರೇಶನ್’ ಎಂದು ಹೆಮ್ಮೆಯಿಂದ ಹೇಳುವ ವಿದ್ಯೆಯನ್ನು ನಮ್ಮ ಮೆಕ್ಯಾನಿಕ್ಕುಗಳು ಬಡತನದಲ್ಲಿ ಕಲಿತರು. ಆಗ ಅದಕ್ಕೆ ಹೆಸರೇ ಇರಲಿಲ್ಲ.

ದೊಡ್ಡವರ ಕಾರಿನ ಕಥೆ ಬೇರೆ. ಮೈಸೂರು ಅರಸರು ರೋಲ್ಸ್ ರಾಯ್ಸನ್ನು ಒಮ್ಮೆಗೆ ಏಳೇಳು ಕೊಳ್ಳುತ್ತಿದ್ದರು ಎಂಬ ಮಾತಿದೆ; ಕೇಳಲು ಚೆನ್ನಾಗಿದೆ, ಅಷ್ಟಕ್ಕೆ ಬಿಡೋಣ. 1971ರಲ್ಲಿ ರಾಜಧನ ನಿಂತ ಮೇಲೆ ದೇಶದ ಎಷ್ಟೋ ಅರಮನೆಗಳ ಕಾರುಗಳು ಕೈ ಬದಲಾಯಿಸಿದವು. ಕೊಂಡವರು ಉದ್ಯಮಿಗಳು, ವೈದ್ಯರು, ವಕೀಲರು. 1964ರಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ ದೆಹಲಿಯಲ್ಲಿ ಹಳೇ ಕಾರುಗಳ ರ‍್ಯಾಲಿ ಶುರುಮಾಡಿತ್ತು. ಹಳೇ ಕಾರು ಇರುವುದು ನಾಚಿಕೆಯಲ್ಲ, ಬೀದಿಯಲ್ಲಿ ತೋರಿಸಿ ಮೆರೆಯುವ ವಸ್ತು ಎಂಬ ಭಾವನೆ ಮೆಲ್ಲಗೆ ಹರಡಿತು. ನಮ್ಮಲ್ಲೂ ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಹುಟ್ಟಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿದ ಮೇಲಂತೂ ಅಂಬಾಸಡರು, ಫಿಯಟ್ಟು ಏಕಾಏಕಿ ಹಳತಾದವು. ಹಳತಾದದ್ದನ್ನು ಇಟ್ಟುಕೊಳ್ಳುವವರು ಹವ್ಯಾಸಿಗಳಾದರು.

ತಮ್ಮ ಸಂಗ್ರಹವನ್ನು ಕೊಟ್ಟಿಗೆಯಲ್ಲಿ ಮುಚ್ಚಿಡದೆ ಜನರ ಮುಂದೆ ಇಟ್ಟವರಲ್ಲಿ ನಾಡಿಗೆಲ್ಲ ಗೊತ್ತಿರುವವರು ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು. ಮಂಜುನಾಥನ ದರ್ಶನ ಮುಗಿಸಿ ಮಕ್ಕಳ ಕೈ ಹಿಡಿದು ಕಾರು ನೋಡಲು ಹೋದ ನೆನಪು ಎಷ್ಟೋ ಮನೆಗಳಲ್ಲಿದೆ. 2023ರಲ್ಲಿ ಮೈಸೂರು–ಬೆಂಗಳೂರು ರಸ್ತೆಯಲ್ಲಿ, ಶ್ರೀರಂಗಪಟ್ಟಣದ ಬಳಿ, ಅವರ ಸಂಗ್ರಹದ ‘ಪಯಣ’ ಎಂಬ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ ಅಂಬಾಸಡರಿನ ಮುಂದೆ ಅಜ್ಜಂದಿರು ಹೆಚ್ಚು ಹೊತ್ತು ನಿಲ್ಲುತ್ತಾರೆ. ರೋಲ್ಸ್ ರಾಯ್ಸನ್ನು ಯಾರೂ ಓಡಿಸಿಲ್ಲ. ಅಂಬಾಸಡರಿನಲ್ಲಿ ಒಂಬತ್ತು ಜನ ಕೂತು ಮದುವೆಗೆ ಹೋದವರು ಎಲ್ಲ ಕಡೆ ಇದ್ದಾರೆ.

ನಮ್ಮ ಜಿಲ್ಲೆಗೆ ಸೇರಬೇಕಾದ ಹಳೇ ಗಾಡಿ ಇನ್ನೊಂದಿದೆ. ಕುದೂರಿನಿಂದ ಮಾಗಡಿ ದಾಟಿ ಹೋದರೆ ರಾಮನಗರ. ಅಲ್ಲಿನ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಗೆ ಬಂತು. ಜೈ, ವೀರು ಹಾಡುತ್ತ ಹೋಗುವ ಆ ಸೈಡ್‌ಕಾರ್ ಬೈಕು ಬುಲೆಟ್ ಎಂದು ನಾನೂ ಬಹಳ ಕಾಲ ನಂಬಿದ್ದೆ. ಅಲ್ಲ, ಅದು ಬಿಎಸ್‌ಎ. 1942ರ ಡಬ್ಲ್ಯುಎಂ20 ಮಾದರಿ. ಡಬ್ಲ್ಯು ಅಂದರೆ ವಾರ್ ಆಫೀಸು: ಎರಡನೇ ಮಹಾಯುದ್ಧಕ್ಕೆಂದು ಬ್ರಿಟಿಷ್ ಸೇನೆ ಇಂಥ 500 ಸಿಸಿ ಬೈಕುಗಳನ್ನು ಲಕ್ಷಕ್ಕೂ ಮಿಕ್ಕಿ ಮಾಡಿಸಿತ್ತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪು, ಲಾರಿ, ಬೈಕುಗಳು ‘ಡಿಸ್ಪೋಸಲ್ ಮಾಲು’ ಎಂದು ಹರಾಜಾದವು. ನಮ್ಮ ಹಳ್ಳಿಗಾಡಿನ ಎಷ್ಟೋ ಮೊದಲ ಮೋಟಾರುಗಳು ಆ ದಾರಿಯಲ್ಲೇ ಬಂದವು. ‘ಶೋಲೆ’ಯ ಬಿಎಸ್‌ಎ ಇವತ್ತು ಬೆಂಗಳೂರಿನ ಸಂಗ್ರಾಹಕರೊಬ್ಬರ ಬಳಿ ಇದೆ. 2025ರ ನವೆಂಬರಿನಲ್ಲಿ ಗೋವಾದ ಚಲನಚಿತ್ರೋತ್ಸವದಲ್ಲಿ ಅದನ್ನು ಜನರ ನೋಟಕ್ಕೆ ಇಟ್ಟಿದ್ದರು. ಪ್ಲೇಟು ಓದುವವನಿಗೆ ಇನ್ನೊಂದು ಖುಷಿ: ನಂಬರು ಎಂವೈಬಿ ಸಾಲಿನದು. ಹಿಂದಿಯಲ್ಲಿ ಹಾಡಿದರೂ ಬೈಕು ಮೈಸೂರಿನದೇ.

ಆದರೆ ಬಡವರ ಪಾಲಿನ ಹಳೇ ಗಾಡಿ ಎಂದರೆ ಜಾವಾ. ಚೆಕ್ ಕಂಪನಿಯ ಪರವಾನಗಿ ಪಡೆದು ರುಸ್ತುಂ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಉತ್ಪಾದನೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಅಷ್ಟರೊಳಗೆ ಹಳೇ ಮೈಸೂರಿನ ಊರೂರಿಗೂ ಅದು ಹೊಕ್ಕಿತ್ತು. ಮೇಷ್ಟ್ರು, ಕಾಂಪೌಂಡರ್, ರೇಷ್ಮೆಗೂಡಿನ ವ್ಯಾಪಾರಿ, ಹಾಲಿನವರು. ಇವತ್ತು ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜಾವಾ ದಿನಾಚರಣೆಗೆ ಸಾಲುಸಾಲಾಗಿ ಬರುವ ಬೈಕುಗಳಲ್ಲಿ ಇಂಥ ಹಳ್ಳಿಗಳಿಂದ ಕೊಂಡು ತೊಳೆದು ಬಣ್ಣ ಬಳಿದವೂ ಇರುತ್ತವೆ.

ಯಜಮಾನರು ಬೈಕು ಸ್ಟಾರ್ಟ್ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಪೆಟ್ರೋಲ್ ಕಾಕ್ ತಿರುಗಿಸಿದರು. ಕಾರ್ಬೊರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಹೆಬ್ಬೆರಳಿನಿಂದ ನಾಲ್ಕು ಸಲ ಒತ್ತಿದರು. ಪೆಟ್ರೋಲು ಜಿನುಗಿತು, ಬೆರಳನ್ನು ಪಂಚೆಗೆ ಒರೆಸಿಕೊಂಡರು. ಎಡಗಡೆ ಗೇರಿನ ಕಡ್ಡಿ ಇದೆಯಲ್ಲ, ಜಾವಾದಲ್ಲಿ ಕಿಕ್ ಕೂಡ ಅದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ಎತ್ತಿದರೆ ಕಿಕ್ಕು. ಗಾಡಿ ಹತ್ತಿದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರು. ಗೊತ್ತಿಲ್ಲದವರು ಕಿಕ್ ಎಲ್ಲಿದೆ ಎಂದು ಬಲಗಡೆ ಹುಡುಕುತ್ತ ನಿಲ್ಲುತ್ತಾರೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಎರಡರಿಂದಲೂ ನೀಲಿ ಹೊಗೆ. ಎರಡನೇ ಕಿಕ್ಕಿಗೆ ಹತ್ತಿಕೊಂಡಿತು. ಕಂಚಿನ ಪಾತ್ರೆ ತಟ್ಟಿದ ಹಾಗಿನ ಆ ಸದ್ದಿಗೆ ಹೋಟೆಲಿನ ಒಳಗಿದ್ದವರೂ ಎದ್ದು ಬಂದರು.

ಈ ಬೈಕಿಗೆ ಕಾನೂನು ಏನು ಹೇಳುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಹದಿನೈದು ವರ್ಷ ತುಂಬಿದ ಗಾಡಿ ಸರ್ಕಾರದ ಕಣ್ಣಿಗೆ ಕಿರಿಕಿರಿ. ಹಸಿರು ತೆರಿಗೆ ಕಟ್ಟಬೇಕು, ಎಫ್‌ಸಿ ಮಾಡಿಸಬೇಕು, ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲಿನಿಂದ ಆ ನವೀಕರಣದ ಶುಲ್ಕ ಕಾರಿಗೆ 600 ರೂಪಾಯಿಯಿಂದ 5,000ಕ್ಕೆ, ಬೈಕಿಗೆ 300ರಿಂದ 1,000ಕ್ಕೆ ಏರಿತು. ಗುಜರಿಗೆ ಹಾಕಿ ಎಂಬುದು ಅದರ ಅರ್ಥ. ಅದೇ ಗಾಡಿ ಐವತ್ತು ವರ್ಷ ದಾಟಿತೋ, ಪರಂಪರೆ! 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ತುಂಬಿ, ಮೂಲರೂಪದಲ್ಲೇ ಉಳಿದಿರುವ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳು ‘ವಿಂಟೇಜ್’. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂದು ಬರುತ್ತದೆ. ಹಳೇ ನಂಬರು ಇದ್ದರೆ ಅದನ್ನೇ ಉಳಿಸಿಕೊಳ್ಳಲೂಬಹುದು. ಪುಣ್ಯ, ಇಲ್ಲದಿದ್ದರೆ ಎಂವೈಗಳೆಲ್ಲ ಮಾಯವಾಗುತ್ತಿದ್ದವು.

ಹದಿನೈದಕ್ಕೂ ಐವತ್ತಕ್ಕೂ ನಡುವೆ ಮೂವತ್ತೈದು ವರ್ಷ. ಆ ಮೂವತ್ತೈದು ವರ್ಷ ಗಾಡಿಯನ್ನು ಯಾರು ಕಾಯಬೇಕು ಎಂದು ನಿಯಮ ಹೇಳುವುದಿಲ್ಲ. ನಮ್ಮ ಜಿಲ್ಲೆಯ ಬಿಡದಿಯಲ್ಲಿ ಟೊಯೊಟ ಕಾರ್ಖಾನೆಯಿಂದ ದಿನಾ ಹೊಸ ಕಾರುಗಳು ಹೊರಬೀಳುತ್ತವೆ. 1999ರ ಕೊನೆಗೆ ಅಲ್ಲಿಂದ ಹೊರಟ ಮೊದಮೊದಲ ಕ್ವಾಲಿಸ್‌ಗಳು ಐವತ್ತು ತಲುಪುವುದು 2050ರ ಆಸುಪಾಸಿಗೆ. ಇವತ್ತು ಅವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಟೊಮೆಟೊ ಕ್ರೇಟು ಹೊತ್ತು ತಿರುಗುತ್ತಿವೆ. ಒಂದೆರಡನ್ನಾದರೂ ಯಾರೋ ಹಟಮಾರಿ ಶೆಡ್ಡಿನಲ್ಲಿ ಇಟ್ಟುಕೊಂಡಿರಲಿ ಎಂದು ನನ್ನ ಆಸೆ.

ಯಜಮಾನರ ಬೈಕಿನ ಪ್ಲೇಟು ಸಿಎ ಸಾಲಿನದು. ಆರ್‌ಸಿ 1982ರದಂತೆ. 2032ಕ್ಕೆ ಐವತ್ತಾಗುತ್ತದೆ, ವಿಂಟೇಜ್ ಅಂತ ಮಾಡಿಸಬಹುದು ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಅವರು ಕ್ಯಾನಿನ ಮುಚ್ಚಳ ಅದುಮುತ್ತ ಕೇಳಿಸಿಕೊಂಡರು.

‘ಮಾಡ್ಸುದ್ರೆ ದಿನಾ ಡೈರಿಗೆ ಹೋಗ್ಬೋದಾ?’

ಇಲ್ಲ ಎಂದೆ. ವಿಂಟೇಜ್ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ. ಜೊತೆಗೆ ಆ ಬೆಸುಗೆಯ ಕೊಂಡಿಯನ್ನು ಕಂಡರೆ ಅಧಿಕಾರಿಗಳು ಏನೆನ್ನುತ್ತಾರೋ.

‘ಪೆಟ್ರೋಲ್ ಹಾಕ್ಸಾಕ್ ಹೋಗ್ಬೋದು, ಹಾಲ್ ಹಾಕಾಕ್ ಹೋಗಂಗಿಲ್ಲ’ ಎಂದು ಅವರು ನಕ್ಕರು. ಕಡ್ಡಿಯನ್ನು ಮುಂದಕ್ಕೆ ಮಲಗಿಸಿ, ಗೇರು ಹಾಕಿ, ಹುಲಿಕಲ್ ಕಡೆ ಹೊರಟ ಕಾರುಗಳಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಡೈರಿ ಕಡೆಗೆ ತಿರುಗಿದರು. ಎಂವೈ, ಸಿಎ, ಕೆಎ ಮೂರೂ ನಿಂತು ದಾರಿ ಬಿಟ್ಟವು.