ಗರ್ಭಸ್ಥ ಶಿಶುವಿನ ಬೆಳವಣಿಗೆಯೂ ರಕ್ತಪ್ರವಾಹವೂ

ನ್ಯಾಮತಿಯ ಸೀಮೆಯ ತುಂಬುಗರ್ಭಿಣಿಯರು ತಾಯಿ ಕಾರ್ಡನ್ನು ಹಿಡಿದು ಹೊನ್ನಾಳಿಗೋ ಶಿವಮೊಗ್ಗಕ್ಕೋ ದಾವಣಗೆರೆಗೋ ಸ್ಕ್ಯಾನಿಂಗಿಗೆಂದು ಹೋಗಿಬರುವುದು ಇಂದು ಪರಿಚಿತ ಸಂಗತಿಯಾಗಿದ್ದರೂ, ಆ ಪರೀಕ್ಷೆಯು ಏನನ್ನು ಅರಸುತ್ತದೆಂಬುದನ್ನು ಅವರಿಗೆ ತಿಳಿಯಹೇಳುವವರು ವಿರಳ.

ಕಿವಿಗೆ ನಿಲುಕದ ಶಬ್ದತರಂಗಗಳಿಂದ ಗರ್ಭವನ್ನು ಕಾಣುವ ಈ ವಿಧಾನವನ್ನು ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡರು ಸಹೋದ್ಯೋಗಿಗಳೊಡನೆ 1958ರಲ್ಲಿ ಪ್ರಕಟಿಸಿದರು. ಶಿಶುವಿನ ತಲೆ ಮತ್ತು ಹೊಟ್ಟೆಗಳ ಸುತ್ತಳತೆಯನ್ನೂ ತೊಡೆಯೆಲುಬಿನ ಉದ್ದವನ್ನೂ ಅಳೆದು ವೈದ್ಯರು ತೂಕವನ್ನು ಅಂದಾಜು ಮಾಡುವರು. ಪೋಷಣೆ ಕುಂದಿದಾಗ ಯಕೃತ್ತಿನ ಸಂಗ್ರಹವು ಕರಗುವುದರಿಂದ, ಹೊಟ್ಟೆಯ ಅಳತೆಯೇ ಬಹುಮಟ್ಟಿಗೆ ಮೊದಲು ಹಿಂದೆ ಬೀಳುತ್ತದೆ.

ಆದರೆ ಚಿಕ್ಕ ಶಿಶುಗಳೆಲ್ಲವೂ ಅಸ್ವಸ್ಥವಲ್ಲ. ತಾಯಿತಂದೆಯರ ಮೈಕಟ್ಟಿಗೆ ತಕ್ಕಂತೆ ಸಣ್ಣದಾಗಿದ್ದೂ ಆರೋಗ್ಯದಿಂದಿರುವ ಕೂಸನ್ನು, ಆಹಾರ ಸಾಲದೆ ಸೊರಗಿದ ಕೂಸಿನಿಂದ ಬೇರ್ಪಡಿಸಲು ನೆರವಾಗುವುದೇ ಡಾಪ್ಲರ್ ಪರೀಕ್ಷೆ. ಚಲಿಸುವ ರಕ್ತಕಣಗಳಿಂದ ಮರಳುವ ತರಂಗದ ಕಂಪನಾಂಕವು ವ್ಯತ್ಯಾಸಗೊಳ್ಳುವುದನ್ನು ಗ್ರಹಿಸಿ, ಅದು ಹೊಕ್ಕುಳಬಳ್ಳಿಯ ಪ್ರವಾಹವನ್ನು ಪರದೆಯ ಮೇಲೆ ಅಲೆಗಳಾಗಿ ಚಿತ್ರಿಸುತ್ತದೆ. ಶಿಶುವಿನ ಹೃದಯವು ಸಂಕುಚಿಸಿದಾಗ ಅಲೆ ಏರಿ, ವಿಕಸಿಸಿದಾಗ ಇಳಿದರೂ, ಸ್ವಸ್ಥ ಗರ್ಭದಲ್ಲಿ ರಕ್ತವು ಮಾಸಿನ ಕಡೆಗೆ ಹರಿಯುತ್ತಲೇ ಇರುತ್ತದೆ. ಹೃದಯವು ವಿಕಸಿಸುವ ಆ ವಿರಾಮದಲ್ಲಿ ಪ್ರವಾಹವು ನಿಂತಿತೆಂದರೆ ಮಾಸು ಕೆಟ್ಟಿದೆಯೆಂದೂ, ಹಿಮ್ಮುಖವಾಯಿತೆಂದರೆ ವಿಪತ್ತು ಸಮೀಪಿಸಿದೆಯೆಂದೂ ತಿಳಿಯಬೇಕು. ಅಂತಹ ಸಂಕಟದಲ್ಲಿ ಶಿಶುವು ತನ್ನ ಮಿದುಳಿಗೆ ಹೆಚ್ಚು ರಕ್ತವನ್ನು ಹರಿಸಿಕೊಳ್ಳುವುದೂ ಪರೀಕ್ಷೆಯಲ್ಲಿ ಗೋಚರಿಸುತ್ತದೆ.

ಒಂದೇ ಅಳತೆಯಿಂದ ತೀರ್ಮಾನಿಸಲಾಗದು. ಎರಡು ಮೂರು ವಾರಗಳ ಅಂತರದ ಅಳತೆಗಳನ್ನು ಹೋಲಿಸಿದಾಗಲೇ ಬೆಳವಣಿಗೆಯ ಗತಿ ಸ್ಪಷ್ಟವಾಗುವುದು. ಆದುದರಿಂದ ಹಳೆಯ ವರದಿಗಳನ್ನು ಜೋಪಾನವಾಗಿರಿಸಿ ಪ್ರತಿ ಭೇಟಿಗೂ ಒಯ್ಯತಕ್ಕದ್ದು. ಕೂಸಿನ ಚಲನೆ ಕಡಿಮೆಯಾಯಿತೆಂದು ತಾಯಿಗೆ ತೋರಿದರೆ, ವರದಿಯು ಚೆನ್ನಾಗಿದ್ದರೂ ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.