ರಸ್ತೆಯ ಕೆಳಗಿನ ಮಣ್ಣು

ಹೊಸಪೇಟೆ, ಹಂಪಿಗಳ ಕಲ್ಲುನೆಲದಿಂದ ಕಂಪ್ಲಿಯ ಕಡೆಗೆ ಬಸ್ಸಿನಲ್ಲಿ ಹೋಗಿದ್ದೀರಾ? ಬಂಡೆಗಳು ಹಿಂದೆ ಸರಿದು ಎರೆಹೊಲಗಳು ಕಾಣಿಸುತ್ತವೆ. ಎರೆನೆಲದ ರಸ್ತೆಗಳ ಅಂಚಿನುದ್ದಕ್ಕೂ ಬಿರುಕು ಬಿಡುವುದೇಕೆ?

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವು ತೆಳುವಾದ ಪದರಗಳಿಂದ ಆದದ್ದು. ಮಳೆಗಾಲದಲ್ಲಿ ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಡಾಂಬರಿನಡಿಯ ನಡುಭಾಗದ ತೇವ ಹೆಚ್ಚು ಬದಲಾಗದು. ಅಂಚಿನ ತೇವ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಅಂಚೇ ಮೊದಲು ಬಿರಿಯುತ್ತದೆ. ಬಿರುಕಿನೊಳಗೆ ಮಳೆನೀರು ಇಳಿದರೆ, ಭತ್ತದ ಲಾರಿಯ ಭಾರಕ್ಕೆ ರಸ್ತೆ ಕುಸಿಯುತ್ತದೆ.

ಶೀತಪ್ರದೇಶಗಳಲ್ಲಿ ಇದೇ ತೊಂದರೆ ಬೇರೊಂದು ರೂಪದಲ್ಲಿದೆ. ಅಲ್ಲಿ ವರ್ಷವಿಡೀ ಹೆಪ್ಪುಗಟ್ಟಿದ ನೆಲದ ಮಣ್ಣನ್ನು ಮಂಜುಗಡ್ಡೆಯೇ ಬಿಗಿಹಿಡಿದಿರುತ್ತದೆ. ಅದು ಕರಗಿದರೆ ಹಳಿ ಕುಸಿಯುತ್ತದೆ. ಲ್ಹಾಸಾವರೆಗೆ 2006ರಲ್ಲಿ ತೆರೆದ ಟಿಬೆಟ್ ರೈಲುಮಾರ್ಗದಲ್ಲಿ ಇದಕ್ಕಾಗಿಯೇ, ತಂಪುಗಾಳಿ ಆಡುವಂತೆ, ಒಡೆದ ಕಲ್ಲಿನ ಏರಿಗಳನ್ನು ಕಟ್ಟಿದ್ದಾರೆ.

ಅಲ್ಲಿ ತಡೆಯಬೇಕಾದದ್ದು ಶಾಖವನ್ನು, ನಮ್ಮಲ್ಲಿ ತೇವದ ಏರುಪೇರನ್ನು. ಎಂಜಿನಿಯರರು ಎರೆಮಣ್ಣಿಗೆ ಸುಣ್ಣ ಬೆರೆಸುತ್ತಾರೆ. ಅದರ ಮೇಲೆ ಉಬ್ಬದ ಗರಸಿನ ಹಾಸು ಹಾಕುತ್ತಾರೆ. ಏರಿಯನ್ನು ಎತ್ತರಿಸಿ ಪಕ್ಕದಲ್ಲಿ ಚರಂಡಿ ತೋಡುತ್ತಾರೆ. ಆದರೆ ಚರಂಡಿಯಲ್ಲಿ ಹೂಳು ತುಂಬಿದರೆ ಇಷ್ಟೆಲ್ಲ ಶ್ರಮವೂ ವ್ಯರ್ಥ. ನಿಮ್ಮೂರಿನ ರಸ್ತೆಯ ಚರಂಡಿ ಹೇಗಿದೆ? ಮುಂದಿನ ಮಳೆಗೆ ಮೊದಲು ಒಮ್ಮೆ ನೋಡಿ ಬನ್ನಿ.